ಕಲ್ಲಿನ ಜೊತೆ ಬಂದವರು ಯಾರು? ಹವಳದ ಟ್ಯಾಂಕಿನ ಅಪರಿಚಿತ ಜೀವಿಗಳನ್ನು ಗುರುತಿಸುವ ಬಗೆ

ಬೆಂಗಳೂರಿನಲ್ಲಿ ರಾತ್ರಿ ಬಸ್ಸಿಗೆ ಹಾಕಿದ ಥರ್ಮಾಕೋಲ್ ಡಬ್ಬಿ ಬೆಳಗಿನ ಜಾವ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಇಳಿಯುತ್ತದೆ. ಡಬ್ಬಿಯೊಳಗೆ ಉಪ್ಪುನೀರಿನ ಕವರ್, ಕವರಿನೊಳಗೆ ಹೆಬ್ಬೆರಳುದ್ದದ ಹವಳದ ತುಂಡು, ಇಲ್ಲವೇ ಒಂದೆರಡು ಕಿಲೋ ತೂಗುವ ಕಲ್ಲು. ದುಡ್ಡು ಕೊಟ್ಟದ್ದು ಅಷ್ಟಕ್ಕೆ. ಟ್ಯಾಂಕಿಗೆ ಇಳಿದದ್ದು ಮಾತ್ರ ಅಷ್ಟೇ ಅಲ್ಲ. ಕೆಲವು ದಿನ ಕಳೆದ ಮೇಲೆ, ಲೈಟ್ ಆರಿಸಿದ ಹೊತ್ತಿನಲ್ಲಿ, ಕಲ್ಲಿನ ಸಂದಿಯಿಂದ ಕೆಂಪು ಹುಳವೊಂದು ಇಣುಕುತ್ತದೆ. ಗಾಜಿನ ಮೇಲೆ ಉಗುರಿಗಿಂತ ಸಣ್ಣ ನಕ್ಷತ್ರಮೀನು ಹರಿದಾಡುತ್ತದೆ. ಯಾರೂ ಏನೂ ಇಡದ ಜಾಗದಲ್ಲಿ ಕಂದು ಬಣ್ಣದ ಹೂವಿನಂಥದ್ದು ಅರಳಿ ನಿಂತಿರುತ್ತದೆ. ಫೋಟೊ ತೆಗೆದು ಗೊತ್ತಿದ್ದವರಿಗೆಲ್ಲ ಕಳಿಸಿ ಕೇಳುವುದು ಒಂದೇ ಪ್ರಶ್ನೆ: "ಇದೇನು ಮಾರಾಯ್ರೆ, ಸಾಯಿಸ್ಲಾ, ಬಿಡ್ಲಾ?"

ಗಪ್ಪಿ, ಗೋಲ್ಡ್ ಫಿಶ್ ಸಾಕಿ ರೂಢಿಯಿರುವ ನಮ್ಮ ಕಡೆಯವರಿಗೆ ಇದು ಹೊಸ ಫಜೀತಿ. ನಮಗೆ ಹತ್ತಿರದ ಕಡಲೆಂದರೆ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿದು ಹೋಗಬೇಕಾದ ಮಂಗಳೂರಿನದು. ಅಲ್ಲಿಯ ದಡದಲ್ಲೂ ಹವಳದ ದಿಬ್ಬ ನೋಡಲು ಸಿಗುವುದಿಲ್ಲ. ಹಾಗಾಗಿ ಕಂಡದ್ದನ್ನೆಲ್ಲ ಕೊಲ್ಲುವವರಿದ್ದಾರೆ, ಕಂಡದ್ದನ್ನೆಲ್ಲ ಹಾಗೇ ಬಿಡುವವರೂ ಇದ್ದಾರೆ. ಎರಡರಿಂದಲೂ ಟ್ಯಾಂಕ್ ಕೆಡುತ್ತದೆ. ಈ ಜೀವಿಗಳು ಎಲ್ಲಿಂದ ಬರುತ್ತವೆ, ಯಾವುದನ್ನು ಬಿಡಬೇಕು, ಯಾವುದನ್ನು ಹೇಗೆ ತೆಗೆಯಬೇಕು ಅನ್ನುವುದನ್ನು ಬುಡದಿಂದಲೇ ನೋಡೋಣ.

ರೀಫ್ ಟ್ಯಾಂಕಿನಲ್ಲಿ ಕಲ್ಲಿಗೇನು ಕೆಲಸ?

ರೀಫ್ ಅಂದರೆ ಹವಳದ ದಿಬ್ಬ. ಹವಳ ಗಿಡವಲ್ಲ, ಕಲ್ಲೂ ಅಲ್ಲ. ಪಾಲಿಪ್ ಎಂಬ ಮೆತ್ತನೆಯ ಪುಟ್ಟ ಪ್ರಾಣಿಗಳು ಒತ್ತೊತ್ತಾಗಿ ಬದುಕುವ ಗುಂಪು ಅದು. ಗಟ್ಟಿ ಹವಳದ ಪಾಲಿಪ್‌ಗಳು ನೀರಿನಲ್ಲಿರುವ ಕ್ಯಾಲ್ಸಿಯಂ ತೆಗೆದುಕೊಂಡು ತಮ್ಮ ಅಡಿಗೆ ಸುಣ್ಣದ ಗೂಡು ಕಟ್ಟುತ್ತಾ ಹೋಗುತ್ತವೆ. ದಿಬ್ಬ ಬೆಳೆಯುವುದು ಹೀಗೆ. ಮನೆಯ ರೀಫ್ ಟ್ಯಾಂಕಿನಲ್ಲಿ ಅದೇ ವಾತಾವರಣವನ್ನು ಗಾಜಿನ ನಡುವೆ ಉಳಿಸಿಕೊಳ್ಳಬೇಕು: ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನಂಶ, 25ರಿಂದ 26 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಸದಾ ಓಡಾಡುವ ನೀರು, ಜೋರಾದ ಬೆಳಕು. ಕಡಲಿನ ನೀರು ಹೊತ್ತು ತರಬೇಕಾಗಿಲ್ಲ. ಆರ್‌ಒ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸಿದರೆ ಸಾಕು. ಅಡಿಗೆ ಉಪ್ಪು ಮಾತ್ರ ನಡೆಯುವುದಿಲ್ಲ, ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರಲ್ಲಿ ಇರುವುದಿಲ್ಲ.

ಟ್ಯಾಂಕಿನಲ್ಲಿ ಜೋಡಿಸುವ ತೂತುತೂತಾದ ಕಲ್ಲಿಗೆ ಲೈವ್ ರಾಕ್ ಎಂದು ಹೆಸರು. ಅದು ಹಳೆಯ ಹವಳದ ಸುಣ್ಣದ ಅಸ್ಥಿ. ಮೀನಿನ ಹೇಲು, ಉಳಿದ ತಿಂಡಿ ಕೊಳೆತಾಗ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೂ ಹವಳಕ್ಕೂ ವಿಷ. ಕಲ್ಲಿನ ರಂಧ್ರಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಾಯಿಸುತ್ತವೆ. ಟ್ಯಾಂಕಿನ ನಿಜವಾದ ಫಿಲ್ಟರ್ ಈ ಕಲ್ಲೇ.

ಬ್ಯಾಕ್ಟೀರಿಯಾ ಇರುವ ರಂಧ್ರದಲ್ಲಿ ಬೇರೆ ಜೀವಿಗಳೂ ಮನೆ ಮಾಡಿರುತ್ತವೆ. ಹುಳ, ಏಡಿಮರಿ, ಶಂಖದ ಹುಳ, ಪಾಚಿಯ ಬೀಜಾಣು, ಮೊಟ್ಟೆ, ಎಲ್ಲವೂ. ತೋಟದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ನರ್ಸರಿಯಿಂದ ತಂದ ಕಾಫಿ ಸಸಿಯ ಪಾಕೀಟಿನ ಮಣ್ಣಿನಲ್ಲಿ ಎರೆಹುಳವೂ ಬರುತ್ತದೆ, ಬೇರಿಗೆ ಗಂಟು ಕಟ್ಟುವ ಜಂತುಹುಳವೂ ಬರುತ್ತದೆ. ಕೊಂಡದ್ದು ಸಸಿ, ತೋಟಕ್ಕೆ ಬಂದದ್ದು ಒಂದು ಹಿಡಿ ಮಣ್ಣಿನ ಇಡೀ ಸಂಸಾರ. ಹವಳದ ಹವ್ಯಾಸಿಗಳು ಹೀಗೆ ಬಂದವುಗಳನ್ನು ಹಿಚ್‌ಹೈಕರ್ ಎನ್ನುತ್ತಾರೆ.

ಜೀವವಿಲ್ಲದ ಒಣ ಕಲ್ಲಿನಿಂದ ಟ್ಯಾಂಕ್ ಶುರುಮಾಡಿದರೆ ಈ ಕಾಟ ಬಹಳಷ್ಟು ತಪ್ಪುತ್ತದೆ, ಬ್ಯಾಕ್ಟೀರಿಯಾ ಕೂರಲು ಹೆಚ್ಚು ದಿನ ಹಿಡಿಯುತ್ತದೆ ಅಷ್ಟೇ. ಆದರೂ ಪೂರ್ತಿ ತಪ್ಪುವುದಿಲ್ಲ. ಹವಳದ ತುಂಡನ್ನು ಅಂಟಿಸಿರುವ ಪುಟ್ಟ ಬಿಲ್ಲೆ, ಪಾಚಿ ತಿನ್ನಲೆಂದು ತಂದ ಶಂಖದ ಚಿಪ್ಪು, ಕವರಿನ ನೀರು, ಯಾವುದರಲ್ಲಾದರೂ ಬರಬಹುದು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮುರುಡೇಶ್ವರದಾಚೆಯ ನೇತ್ರಾಣಿಯಿಂದಲೋ ಲಕ್ಷದ್ವೀಪ, ಮನ್ನಾರ್ ಕೊಲ್ಲಿಯಿಂದಲೋ ಕಿತ್ತು ತಂದ ಹವಳ ಯಾರಾದರೂ ಕೊಡುತ್ತೇನೆಂದರೆ ಮುಟ್ಟಬೇಡಿ. ಗಟ್ಟಿ ಹವಳಗಳೆಲ್ಲ 2001ರಿಂದಲೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಪಡೆದಿವೆ. ಕೃಷಿ ಮಾಡಿ ಬೆಳೆಸಿದ ಹವಳವಾದರೂ ಮೂಲ ಯಾವುದು, ಕಾಗದಪತ್ರ ಇದೆಯೇ ಎಂದು ಕೇಳಿ, ಬಿಲ್ಲು ಇಟ್ಟುಕೊಳ್ಳಬೇಕು.

ಮೊದಲು ನೋಟ, ಆಮೇಲೆ ಹೆಸರು

ಹೊಸಬರು ಮೊದಲು ಹೆಸರಿಗೆ ಹಟ ಹಿಡಿಯುತ್ತಾರೆ. ಕಡಲಿನ ಹುಳಗಳ ಜಾತಿಯನ್ನು ಖಚಿತವಾಗಿ ಹೇಳಲು ತಜ್ಞರಿಗೂ ಸೂಕ್ಷ್ಮದರ್ಶಕ ಬೇಕಾಗುತ್ತದೆ. ನಮಗೆ ಅಷ್ಟು ಬೇಡ. ಯಾವ ಗುಂಪಿನದು, ಏನು ತಿನ್ನುತ್ತಿದೆ, ಇವೆರಡು ಗೊತ್ತಾದರೆ ಸಾಯಿಸಬೇಕೋ ಬಿಡಬೇಕೋ ತೀರ್ಮಾನಿಸಬಹುದು.

ನೋಡಲು ಸರಿಯಾದ ಹೊತ್ತು ರಾತ್ರಿ. ಟ್ಯಾಂಕಿನ ಲೈಟ್ ಆರಿ ಒಂದೆರಡು ಗಂಟೆಯಾದ ಮೇಲೆ, ಟಾರ್ಚಿನ ಬಾಯಿಗೆ ಕೆಂಪು ಜಿಲೆಟಿನ್ ಹಾಳೆ ಕಟ್ಟಿಕೊಂಡು ಗಾಜಿನ ಹತ್ತಿರ ಕೂತುಬಿಡಿ. ಈ ಜೀವಿಗಳಲ್ಲಿ ಬಹುಪಾಲಿಗೆ ಕೆಂಪು ಬೆಳಕು ಅಷ್ಟಾಗಿ ಗೊತ್ತಾಗುವುದಿಲ್ಲ. ಬಿಳಿ ಟಾರ್ಚ್ ಹಾಕಿದರೆ ಎಲ್ಲವೂ ಕ್ಷಣದಲ್ಲಿ ಮಾಯ. ಮೊದಲು ಏನೂ ಕಾಣುವುದಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಗಾಜಿನ ಮೇಲೆ ಬಿಳಿ ಚುಕ್ಕಿಗಳು ಜರ್ಕು ಹೊಡೆಯುತ್ತಾ ಸರಿಯುವುದು ಕಾಣುತ್ತದೆ, ಅವು ಸೀಗಡಿಯ ದೂರದ ನೆಂಟರಾದ ಕೋಪೆಪಾಡ್ ಎಂಬ ಪುಟಾಣಿ ಜೀವಿಗಳು. ಕಲ್ಲಿನ ತೂತುಗಳಿಂದ ದಾರದಷ್ಟು ತೆಳ್ಳಗಿನ, ಪಟ್ಟೆ ಪಟ್ಟೆಯ ತೋಳುಗಳು ಹೊರಚಾಚಿ ನೀರನ್ನು ಸವರುತ್ತಿರುತ್ತವೆ. ಅದು ನಕ್ಷತ್ರಮೀನಿನ ನೆಂಟ ಬ್ರಿಟಲ್ ಸ್ಟಾರ್. ಅದರ ದೇಹ ಒಳಗೇ ಇರುತ್ತದೆ, ಬೆಳಿಗ್ಗೆ ಹುಡುಕಿದರೆ ಸಿಗುವುದಿಲ್ಲ. ಮರಳಿನ ಮೇಲೆ ಬಿದ್ದ ಒಂದು ತಿಂಡಿಕಾಳಿನ ಕಡೆಗೆ ಹುಳವೊಂದು ತಲೆ ನೀಡಿ, ಕಾಳನ್ನು ಕಚ್ಚಿಕೊಂಡು, ಬಾಲವನ್ನು ಬಿಲದಲ್ಲೇ ಉಳಿಸಿಕೊಂಡು ಹಿಂದಕ್ಕೆ ಸರಿಯುತ್ತದೆ. ಹಗಲು ಕಾಣುವ ಟ್ಯಾಂಕೇ ಬೇರೆ, ಇದೇ ಬೇರೆ. ಹವಳ ಸಾಕುವವರೆಲ್ಲರೂ ಇದನ್ನೊಮ್ಮೆ ನೋಡಲೇಬೇಕು ಅನ್ನುವುದು ನನ್ನ ಆಸೆ.

ನೋಡುವಾಗ ಗಮನಿಸಬೇಕಾದದ್ದು ದೇಹದ ಕಟ್ಟು. ಉದ್ದ ದೇಹಕ್ಕೆ ಉಂಗುರ ಉಂಗುರವಾದ ಗೆರೆ, ಎರಡೂ ಬದಿಗೆ ಕೂದಲಿನ ಕಟ್ಟು ಇದ್ದರೆ ಅದು ಬಿರುಗೂದಲ ಹುಳದ ಗುಂಪು. ಗೆರೆಯಿಲ್ಲದೆ, ಕಾಲಿಲ್ಲದೆ, ಎಲೆಯಷ್ಟು ಚಪ್ಪಟೆಯಾಗಿ ಜಾರುತ್ತಿದ್ದರೆ ಚಪ್ಪಟೆಹುಳ. ಕೀಲು ಕೀಲಾದ ಕಾಲುಗಳಿದ್ದರೆ ಏಡಿ-ಸೀಗಡಿಯ ಬಳಗ. ಒಂದೇ ಜಾಗದಲ್ಲಿ ಅಂಟಿಕೊಂಡು ನಡುವೆ ಬಾಯಿ, ಸುತ್ತ ಎಳೆಗಳಿದ್ದರೆ ಹವಳದ್ದೇ ದಾಯಾದಿ, ಅಂದರೆ ಕುಟುಕು ಕೋಶವಿರುವ ಪ್ರಾಣಿ. ಫೋಟೊ ತೆಗೆಯುವಾಗ ಟ್ಯಾಂಕಿನ ನೀಲಿ ಬೆಳಕನ್ನು ಬಿಳಿಗೆ ಬದಲಾಯಿಸಿ. ನೀಲಿ ಎಲ್‌ಇಡಿಯಲ್ಲಿ ಕಂದು ಬಣ್ಣವೂ ಹಸಿರಾಗಿ ಹೊಳೆದು ನೋಡುವವರ ದಿಕ್ಕು ತಪ್ಪಿಸುತ್ತದೆ. ಗಾಜಿಗೆ ಹೊರಗಿನಿಂದ ಒಂದು ನಾಣ್ಯ ಹಿಡಿದು ತೆಗೆದರೆ ಅಳತೆಯೂ ಸಿಗುತ್ತದೆ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಸಾಯುತ್ತಿರುವ ಹವಳದ ಮೇಲೆ ಹುಳ ಮುತ್ತಿಕೊಂಡಿದ್ದರೆ ಹುಳವೇ ಕೊಂದಿತು ಎಂದು ಹೇಳಲಾಗದು. ಕೊಳೆಯುವ ಮಾಂಸದ ವಾಸನೆಗೆ ಹುಳ, ಶಂಖ, ಸೀಗಡಿ ಎಲ್ಲವೂ ಓಡಿಬರುತ್ತವೆ. ಹವಳ ಅದಕ್ಕೆ ಮೊದಲೇ ಉಪ್ಪಿನ ಏರುಪೇರಿನಿಂದಲೋ ಬಿಸಿಯಿಂದಲೋ ಸೋತಿರುತ್ತದೆ. ಹಾಗಾಗಿ ಇಕ್ಕುಳ ಹಿಡಿಯುವ ಮೊದಲು ನೀರಿನ ಪರೀಕ್ಷೆ. ನೀರು ಸರಿಯಿದ್ದು, ಆರೋಗ್ಯವಾಗಿದ್ದ ಹವಳದ ಮೇಲೆ ಅದೇ ಜೀವಿ ಮತ್ತೆ ಮತ್ತೆ ಕೂತು, ಕೂತಲ್ಲೆಲ್ಲ ಗಾಯ ಹೊಸದಾಗಿ ಕಂಡರೆ ಆಗ ಅನುಮಾನಕ್ಕೆ ಆಧಾರ ಸಿಕ್ಕಿತು.

ಬಿರುಗೂದಲ ಹುಳ: ಎಲ್ಲರೂ ಹೆದರುವುದು ಇದಕ್ಕೇ

ಗುಲಾಬಿ ಅಥವಾ ಕಿತ್ತಳೆ ಛಾಯೆಯ ದೇಹ, ಎರಡು ಬದಿಗೂ ಬಿಳಿ ಕೂದಲು, ಬೆರಳುದ್ದದಿಂದ ಗೇಣುದ್ದದವರೆಗೆ. ಟ್ಯಾಂಕುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಯೂರಿಥೋಯೆ ಮತ್ತು ಅದರ ಹತ್ತಿರದ ನೆಂಟರು. ನೋಡಲು ಭಯವಾಗುತ್ತದೆ, ನಿಜ. ಆದರೆ ಅವು ತಿನ್ನುವುದು ಉಳಿದ ತಿಂಡಿ, ಸತ್ತ ಮೀನು, ಕೊಳೆತ ಪಾಚಿ. ನಮ್ಮ ಕೈ ತಲುಪದ ಸಂದಿಯಲ್ಲಿ ಮೀನೊಂದು ಸತ್ತರೆ ಅಮೋನಿಯಾ ಏರುವ ಮೊದಲೇ ಅದನ್ನು ಮುಗಿಸುವುದು ಇವೇ. ಇವನ್ನು ಪೂರ್ತಿ ನಾಶ ಮಾಡಲು ಹೊರಟವರು ಟ್ಯಾಂಕಿನ ಅತ್ಯುತ್ತಮ ಜಾಡಮಾಲಿಯನ್ನೇ ಕಳೆದುಕೊಳ್ಳುತ್ತಾರೆ.

ಹುಳಗಳ ಸಂಖ್ಯೆ ಒಮ್ಮೆಲೇ ಹೆಚ್ಚಿತೆಂದರೆ ನಾವು ಮೀನಿಗೆ ಹಾಕುವ ತಿಂಡಿ ಹೆಚ್ಚಾಗಿದೆ ಎಂದರ್ಥ. ತಿಂಡಿ ಕಡಿಮೆ ಮಾಡಿದರೆ ಕೆಲವು ವಾರಗಳಲ್ಲಿ ಅವೂ ಇಳಿಯುತ್ತವೆ. ಅವಸರವಿದ್ದರೆ ಬಲೆಯೊಡ್ಡಬಹುದು: ಸಣ್ಣ ತೂತು ಮಾಡಿದ ಪ್ಲಾಸ್ಟಿಕ್ ಕೊಳವೆಯೊಳಗೆ ಸೀಗಡಿ ಚೂರಿಟ್ಟು ರಾತ್ರಿ ಮರಳಿನ ಮೇಲೆ ಮಲಗಿಸಿ, ಬೆಳಿಗ್ಗೆ ಬೆಳಕಾಗುವ ಮೊದಲು ತೆಗೆಯುವುದು. ಬರಿಗೈಯಲ್ಲಿ ಮಾತ್ರ ಮುಟ್ಟಬಾರದು. ಕೂದಲು ಚರ್ಮದೊಳಗೆ ಮುರಿದು ಉರಿ, ಊತ ಬರುತ್ತದೆ. ಮುಟ್ಟಿಬಿಟ್ಟರೆ ಉಜ್ಜದೆ, ಅಂಟು ಟೇಪನ್ನು ಮೇಲೆ ಒತ್ತಿ ಎಳೆದು ಕೂದಲು ತೆಗೆದು, ಆಮೇಲೆ ವಿನೆಗರ್ ಹಚ್ಚುತ್ತಾರೆ. ಊತ ಏರುತ್ತಾ ಹೋದರೆ, ಉಸಿರಿಗೆ ತೊಂದರೆಯಾದರೆ ಡಾಕ್ಟರಲ್ಲಿಗೆ ಹೋಗಲೇಬೇಕು.

ಈ ಬಳಗದಲ್ಲಿ ನಿಜವಾಗಿ ಹವಳ ತಿನ್ನುವುದೂ ಒಂದಿದೆ. ಹರ್ಮೋಡೈಸ್ ಎಂಬ ಬೆಂಕಿಹುಳ ಅಟ್ಲಾಂಟಿಕ್, ಕೆರಿಬಿಯನ್, ಮೆಡಿಟರೇನಿಯನ್ ಕಡಲಿನದು. ದಪ್ಪ ದೇಹ, ಒತ್ತಾದ ಬಿಳಿ ಕೂದಲು, ತಲೆಯ ಮೇಲೆ ಮಡಿಕೆ ಮಡಿಕೆಯಾದ ತಿರುಳು. ಇದು ಹವಳದ ಕೊಂಬೆಯ ತುದಿಯನ್ನೇ ಬಾಯೊಳಗೆ ತೆಗೆದುಕೊಂಡು ಮಾಂಸ ಹೀರುತ್ತದೆ. ಇಂಡೋ-ಪೆಸಿಫಿಕ್ ಕಡಲಿನ ಕಲ್ಲಿನಲ್ಲಿ ಇದು ಸಿಗುವ ಸಾಧ್ಯತೆ ತೀರಾ ಕಡಿಮೆ. ಇಂಡೋ-ಪೆಸಿಫಿಕ್ಕಿನ ಕಲ್ಲಿನಲ್ಲಿ ಎಚ್ಚರ ಬೇಕಾದದ್ದು ಯೂನಿಸ್ ಗುಂಪಿನ ಹುಳಗಳ ಬಗ್ಗೆ. ಗುರುತು ಸುಲಭ: ತಲೆಯ ಮೇಲೆ 5 ಮೀಸೆ, ಮೈಮೇಲೆ ಕಾಮನಬಿಲ್ಲಿನ ಹೊಳಪು. ಸಣ್ಣವು ಅಷ್ಟೇನೂ ಮಾಡವು. ದೊಡ್ಡದಾಗಿ ಬೆಳೆಯುವುದು ಬಾಬಿಟ್ ಹುಳ, ಕಡಲಿನಲ್ಲಿ 3 ಮೀಟರಿನವರೆಗೂ ಬೆಳೆದದ್ದಿದೆ. 2009ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನ ನ್ಯೂಕೀ ಊರಿನ ಬ್ಲೂ ರೀಫ್ ಅಕ್ವೇರಿಯಂನಲ್ಲಿ ಮೀನುಗಳು ಗಾಯಗೊಳ್ಳುತ್ತಿದ್ದವು, ಕಾಣೆಯಾಗುತ್ತಿದ್ದವು, ಹವಳಗಳು ತುಂಡಾಗುತ್ತಿದ್ದವು. ಕಾರಣ ಸಿಗದೆ ಸಿಬ್ಬಂದಿ ಪ್ರದರ್ಶನದ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿದಾಗ ಸುಮಾರು 4 ಅಡಿ ಉದ್ದದ ಬಾಬಿಟ್ ಹುಳ ಸಿಕ್ಕಿತು. ಅದು ಸಣ್ಣದಿದ್ದಾಗ ಕಲ್ಲಿನೊಳಗೆ ಬಂದು ಅಲ್ಲೇ ಬೆಳೆದಿರಬೇಕೆಂದು ಅವರು ಲೆಕ್ಕ ಹಾಕಿದರು. ನುರಿತವರ ಕಣ್ಣಿಗೇ ಅಷ್ಟು ದಿನ ಬೀಳಲಿಲ್ಲ. ಆದ್ದರಿಂದ 5 ಮೀಸೆ ಕಂಡರೆ ಆ ಕಲ್ಲನ್ನೇ ಹೊರತೆಗೆದು ಬೇರೆ ಬಕೆಟ್ಟಿನಲ್ಲಿಡುವುದು ಒಳ್ಳೆಯದು. ಹುಳವನ್ನು ಎಳೆದು ತುಂಡರಿಸಿ ಕೆಲಸ ಮುಗಿಯಿತೆಂದುಕೊಳ್ಳಬಾರದು, ಒಳಗುಳಿದ ಭಾಗ ಮತ್ತೆ ಬೆಳೆಯಬಹುದು.

ಐಪ್ಟೇಸಿಯಾ: ಕತ್ತರಿಸಿದಷ್ಟೂ ಹೆಚ್ಚುವುದು

ಬಿರುಗೂದಲ ಹುಳಕ್ಕೆ ಹೆದರುವವರು ಇದನ್ನು ನೋಡಿ ಖುಷಿಪಡುತ್ತಾರೆ. ಪಾರದರ್ಶಕ ಕಂದು ಬಣ್ಣದ ದಂಟು, ಮೇಲೆ ಚೂಪು ತುದಿಯ ಎಳೆಗಳು, ಮುಟ್ಟಲು ಹೋದರೆ ಸರಕ್ಕನೆ ತೂತಿನೊಳಗೆ ಮಾಯ. ಐಪ್ಟೇಸಿಯಾ ಎಂಬ ಈ ಗಾಜು ಅನಿಮೋನ್ ಪಕ್ಕದ ಹವಳವನ್ನು ಕುಟುಕಿ ಸುಟ್ಟು ಜಾಗ ಆಕ್ರಮಿಸುತ್ತದೆ. ತಾನಾಗಿಯೇ ಪಾದದ ಚೂರುಗಳನ್ನು ಉದುರಿಸಿ ಹೊಸ ಮರಿಗಳನ್ನು ಮಾಡುತ್ತದೆ. ಬ್ಲೇಡಿನಿಂದ ಕೆರೆದರಂತೂ ಉಳಿದ ಚೂರು ಚೂರೂ ಮತ್ತೊಂದಾಗುತ್ತದೆ. ವಿಜ್ಞಾನಿಗಳಿಗೆ ಮಾತ್ರ ಇದು ಅಚ್ಚುಮೆಚ್ಚು. ಹವಳ ಮತ್ತು ಅದರೊಳಗಿನ ಪಾಚಿಯ ಸಹಬಾಳ್ವೆ ಹೇಗೆ ಮುರಿದು ಹವಳ ಬಿಳಿಚಿಕೊಳ್ಳುತ್ತದೆ ಎಂದು ತಿಳಿಯಲು ಪ್ರಯೋಗಾಲಯಗಳಲ್ಲಿ ಸಾಕುವುದು ಇದನ್ನೇ. ಇದರ ಜೀನೋಮ್ 2015ರಲ್ಲಿ ಪ್ರಕಟವಾಯಿತು.

ಒಂದೆರಡೇ ಇರುವಾಗ ತೆಗೆಯುವುದು ಸುಲಭ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಯನ್ನು ಸ್ವಲ್ಪ ಆರ್‌ಒ ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಪಂಪುಗಳನ್ನು ಆರಿಸಿ, ಸಿರಿಂಜಿನಿಂದ ನಿಧಾನವಾಗಿ ಅದರ ಬಾಯಿಯ ಮೇಲೆ ಬಿಡಬೇಕು. ಎಲೆ-ಅಡಿಕೆಗೆ ಹಚ್ಚುವ ಸುಣ್ಣವೂ ಮೂಲತಃ ಇದೇ ವಸ್ತು. ಆದರೆ ಅದರಲ್ಲಿ ಏನೇನು ಬೆರೆತಿದೆಯೋ ತಿಳಿಯದ ಕಾರಣ ಟ್ಯಾಂಕಿಗೆ ಶುದ್ಧ ಪುಡಿಯೇ ಬೇಕು. ಸುಣ್ಣ ನೀರಿನ ಪಿಎಚ್ ಏರಿಸುತ್ತದೆ. ಸಣ್ಣ ಟ್ಯಾಂಕಿನಲ್ಲಿ ಒಂದೇ ದಿನ ಹತ್ತಾರಕ್ಕೆ ಹಾಕಿದರೆ ಹವಳವೇ ಹೋಗಬಹುದು. ಕಣ್ಣಿಗೆ ಹಾರದಂತೆಯೂ ನೋಡಿಕೊಳ್ಳಿ.

ಹತ್ತಾರು ಕಡೆ ಹಬ್ಬಿದ್ದರೆ ತಿನ್ನುವವರನ್ನು ಕರೆತರಬೇಕು. ಪೆಪ್ಪರ್‌ಮಿಂಟ್ ಸೀಗಡಿ, ಕಾಪರ್‌ಬ್ಯಾಂಡ್ ಚಿಟ್ಟೆಮೀನು ಇದನ್ನು ತಿನ್ನುತ್ತವೆ, ಆದರೆ ಎಲ್ಲವೂ ಅಲ್ಲ. ಕೆಲವು ಸೀಗಡಿಗಳು ಬೇರೆ ತಿಂಡಿಯ ರುಚಿ ಹತ್ತಿದ ಮೇಲೆ ಐಪ್ಟೇಸಿಯಾ ಕಡೆ ತಿರುಗಿಯೂ ನೋಡವು. ಬರ್ಗಿಯಾ ಎಂಬ ಚಿಪ್ಪಿಲ್ಲದ ಪುಟ್ಟ ಕಡಲಹುಳು ಮಾತ್ರ ಬೇರೇನನ್ನೂ ತಿನ್ನುವುದಿಲ್ಲ. ಐಪ್ಟೇಸಿಯಾ ಮುಗಿದ ದಿನ ಅದಕ್ಕೂ ಉಪವಾಸ, ಆಗ ಅದನ್ನು ಬೇಕಾದವರಿಗೆ ಕೊಡಬೇಕು.

ಕಲ್ಲಿನೊಳಗಿಂದ ಟಕ್ ಟಕ್ ಸದ್ದು

ರಾತ್ರಿ ಟ್ಯಾಂಕಿನಿಂದ ಗಾಜಿಗೆ ಕಲ್ಲು ತಗುಲಿದಂಥ ಸದ್ದು ಬಂದರೆ ಇಬ್ಬರಲ್ಲಿ ಒಬ್ಬರು. ಒಂದು, ಪಿಸ್ತೂಲು ಸೀಗಡಿ. ಎರಡು ಚಿಮುಟಗಳಲ್ಲಿ ಒಂದು ವಿಪರೀತ ದೊಡ್ಡದು. ಅದನ್ನು ಪಟ್ಟೆಂದು ಮುಚ್ಚಿದಾಗ ನೀರಿನಲ್ಲಿ ಗುಳ್ಳೆ ಹುಟ್ಟಿ ಒಡೆಯುತ್ತದೆ, ಸದ್ದು ಬರುವುದು ಆ ಗುಳ್ಳೆ ಒಡೆದದ್ದರಿಂದ. ಇದು ಮರಳು ತೋಡುತ್ತದೆ, ಉಳಿದಂತೆ ಬಹುಮಟ್ಟಿಗೆ ಪಾಪದ್ದು. ಇನ್ನೊಂದು, ಮ್ಯಾಂಟಿಸ್ ಸೀಗಡಿ. ಕಾಂಡದ ಮೇಲೆ ಕೂತು ಬೇರೆ ಬೇರೆ ದಿಕ್ಕಿಗೆ ತಿರುಗುವ ಕಣ್ಣುಗಳು, ಎದೆಗೆ ಮಡಚಿಕೊಂಡ ಮುಂಗಾಲು. ನವಿಲು ಮ್ಯಾಂಟಿಸ್ ಜಾತಿಯ ಏಟಿನ ವೇಗವನ್ನು ಸೆಕೆಂಡಿಗೆ 23 ಮೀಟರ್ ಎಂದು ಅಳೆದಿದ್ದಾರೆ, ಅಂದರೆ ಗಂಟೆಗೆ 80 ಕಿಲೋಮೀಟರಿಗೂ ಮಿಗಿಲು. ಶಂಖ, ಏಡಿಗಳ ಚಿಪ್ಪು ಒಡೆದು ಬಿದ್ದಿರುವುದು ಕಂಡರೆ ಅನುಮಾನ ಇದರ ಮೇಲೇ ಹೋಗಬೇಕು. ಕೈಬೆರಳನ್ನಂತೂ ತೂತಿನ ಹತ್ತಿರ ಒಯ್ಯಬಾರದು. ಅದಿರುವ ಕಲ್ಲನ್ನು ಪತ್ತೆ ಮಾಡಿ ಹೊರತೆಗೆದು, ಬಕೆಟ್ಟಿನ ಮೇಲೆ ಹಿಡಿದು ತೂತಿನೊಳಕ್ಕೆ ಹೆಚ್ಚು ಉಪ್ಪಿನ ನೀರು ಬಿಟ್ಟರೆ ಸಾಮಾನ್ಯವಾಗಿ ಹೊರಗೆ ಬೀಳುತ್ತದೆ. ಕೊಲ್ಲಬೇಕಿಲ್ಲ. ಬೇರೆಯೇ ಸಣ್ಣ ಟ್ಯಾಂಕಿನಲ್ಲಿ ಸಾಕಲು ಇದಕ್ಕಿಂತ ಚುರುಕಾದ ಪ್ರಾಣಿ ಸಿಗುವುದು ಕಷ್ಟ.

ಏಡಿಗಳ ವಿಷಯದಲ್ಲಿ ಹಳಬರು ಹೇಳುವ ಗುರುತು, ಮೈ ತುಂಬ ರೋಮ, ಕಪ್ಪು ತುದಿಯ ಚಿಮುಟ ಇದ್ದರೆ ಹೊರಗೆ ಹಾಕು ಎಂದು. ಪೂರ್ತಿ ನಂಬುವಂಥದ್ದಲ್ಲ, ಆದರೆ ಆರಂಭಕ್ಕೆ ಸಾಕು. ಒಂದು ಏಡಿಯನ್ನು ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ. ಅಕ್ರೊಪೊರಾ, ಪೊಸಿಲೊಪೊರಾ ಹವಳದ ಕೊಂಬೆಗಳ ನಡುವೆಯೇ ಬದುಕುವ, ಅಲ್ಲಿಂದ ಕದಲದ, ನುಣುಪು ಮೈಯ ಟ್ರಪೀಜಿಯಾ ಏಡಿ. ಕಡಲಿನಲ್ಲಿ ಹವಳ ತಿನ್ನಲು ಬರುವ ಮುಳ್ಳಿನ ಕಿರೀಟದ ನಕ್ಷತ್ರಮೀನನ್ನು ಚಿವುಟಿ ಓಡಿಸಿ ತನ್ನ ಹವಳವನ್ನು ಕಾಯುವುದು ಇದೇ ಪುಟ್ಟ ಏಡಿ.

ಸಣ್ಣಪುಟ್ಟ ಉಳಿದವರು

ಕೋಪೆಪಾಡ್, ಸೀಗಡಿಯಂಥದ್ದೇ ಪುಟ್ಟ ಆಂಫಿಪಾಡ್, ಬ್ರಿಟಲ್ ಸ್ಟಾರ್, ಬೀಸಣಿಗೆ ಹುಳ, ಬಿಳಿ ಸ್ಪಂಜು, ಬೆನ್ನ ಮೇಲೆ ಪಟ್ಟಿ ಪಟ್ಟಿಯಾದ ಚಿಪ್ಪಿರುವ ಚಿಟಾನ್, ಚಿಪ್ಪಿನಿಂದ ಹೊರಗೆ ಮೈ ಚಾಚಿ ಬೇಗ ಬೇಗ ಹರಿಯುವ ಸ್ಟೊಮಟೆಲ್ಲಾ ಶಂಖ, ಇವೆಲ್ಲ ಇದ್ದರೆ ಟ್ಯಾಂಕ್ ಆರೋಗ್ಯವಾಗಿದೆ. ಮ್ಯಾಂಡರಿನ್ ಮೀನಂತೂ ಬದುಕುವುದೇ ಕೋಪೆಪಾಡ್‌ಗಳ ಮೇಲೆ.

ಆಸ್ಟರಿನಾ ನಕ್ಷತ್ರಮೀನು ತಾನೇ ಎರಡಾಗಿ ಸೀಳಿ ಹೆಚ್ಚುವುದರಿಂದ ಅದರ ತೋಳುಗಳು ಒಂದೊಂದು ಅಳತೆಯವು. ಹೆಚ್ಚಿನವು ಗಾಜಿನ ಮೇಲಿನ ಪಾಚಿ ಮೇಯುತ್ತವೆ. ಹವಳದ ಮೇಲೆಯೇ ಕೂತು ಗಾಯ ಮಾಡುತ್ತಿರುವುದನ್ನು ಕಣ್ಣಾರೆ ಕಂಡರೆ ಮಾತ್ರ ಹೆಕ್ಕಿ ತೆಗೆಯಿರಿ. ಕಲ್ಲಿನ ಮೇಲೆ ಗಟ್ಟಿ ಕೊಳವೆ ಕಟ್ಟಿ, ಅಂಟಂಟು ದಾರದ ಬಲೆ ಬಿಡುವುದು ವರ್ಮೆಟಿಡ್ ಶಂಖ. ದಾರ ಹವಳದ ಮೇಲೆ ಬಿದ್ದು ಕಿರಿಕಿರಿ ಮಾಡುತ್ತದೆ. ಕೊಳವೆ ಮುರಿದು, ಬಾಯಿಗೆ ಸೂಪರ್ ಗ್ಲೂ ಜೆಲ್ ತುಂಬಿ ಮುಚ್ಚಿದರೆ ಸಾಯುತ್ತದೆ. ಹಸಿರು ಗೋಲಿಯಂತೆ ಹೊಳೆಯುವ ವಲೋನಿಯಾ ಪಾಚಿಯ ಪ್ರತಿ ಗುಳ್ಳೆಯೂ ಒಂದೇ ಒಂದು ಜೀವಕೋಶ, ನಂಬಲು ಕಷ್ಟವಾದರೂ ನಿಜ. ಅದನ್ನು ಒಡೆಯದೆ, ಬುಡಸಮೇತ ಎಬ್ಬಿಸಿ ತೆಗೆಯುವುದು ಮೇಲು.

ಹವಳವನ್ನೇ ತಿನ್ನುವ ಚಿಕ್ಕವು ಮತ್ತು ಡಿಪ್

ಅತಿ ಹೆಚ್ಚು ನಷ್ಟ ಮಾಡುವವು ಸುಲಭಕ್ಕೆ ಕಾಣಿಸುವುದೇ ಇಲ್ಲ. ಅಕ್ರೊಪೊರಾ ತಿನ್ನುವ ಚಪ್ಪಟೆಹುಳದ ಬಣ್ಣ ಹವಳದ ಬಣ್ಣಕ್ಕೇ ಹೊಂದಿರುತ್ತದೆ. ಹವ್ಯಾಸಿಗಳನ್ನು ವರ್ಷಗಟ್ಟಲೆ ಕಾಡಿದ ಮೇಲೆ 2011ರಲ್ಲಷ್ಟೇ ಅದಕ್ಕೆ ಅಮಕುಸಪ್ಲಾನಾ ಅಕ್ರೊಪೊರೆ ಎಂಬ ವೈಜ್ಞಾನಿಕ ಹೆಸರು ಸಿಕ್ಕಿತು. ಹವಳದ ಮೇಲೆ ದುಂಡಗಿನ ಬಿಳಿಚಿದ ಕಚ್ಚಿನ ಗುರುತುಗಳು, ಸತ್ತ ಬುಡದಲ್ಲಿ ಕಂದು ಮೊಟ್ಟೆಗಳ ಪದರ, ಇವೇ ಸುಳಿವು. ಅಕ್ರೊಪೊರಾದ ಮೇಲೆ ಹಳದಿ ಮೈ, ಕೆಂಪು ಚುಕ್ಕಿಯ ಧೂಳಿನಂಥದ್ದು ಭೂತಕನ್ನಡಿಯಲ್ಲಿ ಓಡಾಡುವುದು ಕಂಡರೆ ಅದು ಟೆಗಾಸ್ಟಿಸ್, ಹವ್ಯಾಸಿಗಳ ಬಾಯಲ್ಲಿ ರೆಡ್ ಬಗ್.

ಇವಕ್ಕೆ ತಡೆಯೆಂದರೆ ಡಿಪ್. ಹವಳಕ್ಕೆಂದೇ ಮಾರುವ ದ್ರಾವಣವನ್ನು ಲೇಬಲ್ಲಿನಲ್ಲಿ ಹೇಳಿದ ಅಳತೆಗೆ ಟ್ಯಾಂಕಿನದೇ ನೀರಿನಲ್ಲಿ ಬೆರೆಸಿ, ಹೇಳಿದಷ್ಟೇ ಹೊತ್ತು ಹವಳವನ್ನು ಅದರಲ್ಲಿಟ್ಟು, ಸಿರಿಂಜಿನಿಂದ ನೀರು ಚಿಮ್ಮಿಸುತ್ತಾ ಸಂದುಗೊಂದು ತೊಳೆಯಬೇಕು. ಬಿಳಿ ತಟ್ಟೆಯಲ್ಲಿ ಮಾಡಿದರೆ ಉದುರಿದ್ದೆಲ್ಲ ಎದ್ದು ಕಾಣುತ್ತದೆ. ಆ ನೀರನ್ನು ಟ್ಯಾಂಕಿಗೆ ಸುರಿಯಬಾರದು. ಡಿಪ್ ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಕೊಲ್ಲುವುದಿಲ್ಲ. ಅದಕ್ಕೇ ವಾರಕ್ಕೊಮ್ಮೆಯಂತೆ ಕೆಲವು ವಾರ ಮತ್ತೆ ಮತ್ತೆ ಮಾಡಬೇಕಾಗುವುದು. ಮೊಟ್ಟೆಗಳು ಹೆಚ್ಚಾಗಿ ಕೂರುವ ಜಾಗ ಹಳೆಯ ಬಿಲ್ಲೆ. ಹವಳವನ್ನು ಅದರಿಂದ ಮುರಿದು ಹೊಸ ಬಿಲ್ಲೆಗೆ ಅಂಟಿಸಿದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು.

ತುಕ್ಕು ಬಣ್ಣದ, ಬಾಲದಲ್ಲಿ ಮೂರು ಮೊನೆಯಿರುವ ಕೆಂಪು ಪ್ಲನೇರಿಯಾ ಹವಳ ತಿನ್ನುವುದಿಲ್ಲ, ಆದರೆ ಹಾಸಿ ಬೆಳೆದು ಬೆಳಕು ಮುಚ್ಚುತ್ತದೆ. ಇದಕ್ಕೆ ಔಷಧಿ ಹಾಕುವ ಮೊದಲು ಸಾಧ್ಯವಾದಷ್ಟನ್ನೂ ಪೈಪಿನಿಂದ ಹೀರಿ ತೆಗೆಯಬೇಕು. ಸಾವಿರಾರು ಒಟ್ಟಿಗೆ ಸತ್ತರೆ ಅವುಗಳ ಮೈಯ ವಿಷ ಮೀನುಗಳನ್ನೇ ಕೊಲ್ಲಬಲ್ಲದು. ಔಷಧಿ ಹಾಕಿದ ಮೇಲೆ ನೀರು ಬದಲಿಸಿ, ಇದ್ದಿಲಿನ ಫಿಲ್ಟರ್ ಓಡಿಸುವುದು ಇದೇ ಕಾರಣಕ್ಕೆ.

ಕುದಿನೀರು ಬೇಡ

ಕಾಟ ತಡೆಯಲಾರದೆ ಕಲ್ಲನ್ನು ಕುದಿಸಿಬಿಡೋಣ ಅನ್ನಿಸುವುದು ಸಹಜ. ದಯವಿಟ್ಟು ಮಾಡಬೇಡಿ. ಬಟನ್ ಹವಳವೆಂದು ಮಾರುವ ಪಾಲಿಥೋವಾ, ಜೋಯಾಂಥಿಡ್‌ಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ವಿಷವಿದೆ. 1971ರಲ್ಲಿ ಹವಾಯಿಯಲ್ಲಿ ಬೇರ್ಪಡಿಸಿದ ಈ ವಿಷ ನಿಸರ್ಗದ ಅತ್ಯುಗ್ರ ವಿಷಗಳಲ್ಲೊಂದು, ಕುದಿಸಿದರೂ ಕೆಡುವುದಿಲ್ಲ. ಇಂಥ ಕಲ್ಲನ್ನು ಕುದಿಸಿದಾಗ, ಬಿಸಿನೀರು ಸುರಿದು ಉಜ್ಜಿದಾಗ ಹಬೆಯಲ್ಲಿ ವಿಷ ಸೇರಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ದಾಖಲಾಗಿವೆ. ಹವಳ ಕತ್ತರಿಸುವಾಗ ಗ್ಲೌಸ್, ಕನ್ನಡಕ ಇರಲಿ, ಕೈಯಲ್ಲಿ ಗಾಯವಿದ್ದ ದಿನ ಟ್ಯಾಂಕಿಗೆ ಕೈ ಹಾಕಬೇಡಿ. ಶಂಕುವಿನಾಕಾರದ ಚಂದದ ಶಂಖ ಸಿಕ್ಕರೆ ಅದನ್ನೂ ಬರಿಗೈಯಲ್ಲಿ ಎತ್ತಬೇಡಿ. ಕೋನ್ ಶಂಖಗಳು ವಿಷದ ಬಾಣ ಚುಚ್ಚುತ್ತವೆ, ಅದರಿಂದ ಮನುಷ್ಯರು ಸತ್ತದ್ದೂ ಇದೆ.

ಕ್ವಾರಂಟೈನ್, ನಮ್ಮ ಹವೆಯಲ್ಲಿ

ಇಷ್ಟೆಲ್ಲ ತಲೆನೋವಿಗೆ ಒಂದೇ ಒಳ್ಳೆಯ ಉಪಾಯ ಬೇರೆ ಸಣ್ಣ ಟ್ಯಾಂಕ್. 30-40 ಲೀಟರಿನದಾದರೂ ಸಾಕು. ಒಂದು ಹೀಟರ್, ಒಂದು ಪಂಪು, ಸಾಧಾರಣ ಲೈಟ್. ಹೊಸ ಹವಳ, ಕಲ್ಲು ಏನೇ ಬಂದರೂ ಮೊದಲು ಅಲ್ಲಿಗೆ. 4ರಿಂದ 6 ವಾರ ಕಾದರೆ ಐಪ್ಟೇಸಿಯಾ, ಮೊಟ್ಟೆಯಿಂದ ಬಂದ ಹುಳ ಎಲ್ಲ ಹೊರಬೀಳುತ್ತವೆ. ಮೀನಿಗೆ ಬಿಳಿ ಚುಕ್ಕಿ ರೋಗ ತರುವ ಕ್ರಿಪ್ಟೊಕಾರಿಯಾನ್ ಪರಾವಲಂಬಿ ಕಲ್ಲಿನ ಮೇಲೆ ಗೂಡು ಕಟ್ಟಿ ಕೂರುವುದರಿಂದ, ಅದನ್ನೂ ತಪ್ಪಿಸಬೇಕೆನ್ನುವವರು ಮೀನಿಲ್ಲದ ಟ್ಯಾಂಕಿನಲ್ಲಿ 76 ದಿನ ಇಡುತ್ತಾರೆ. ಮೀನಿನ ರೋಗಕ್ಕೆ ಹಾಕುವ ತಾಮ್ರದ ಔಷಧಿಯನ್ನು ಹವಳವಿರುವ ಕಡೆ ಎಂದೂ ಹಾಕಬಾರದು, ಹವಳ, ಸೀಗಡಿ, ಶಂಖ ಯಾವುದೂ ಉಳಿಯುವುದಿಲ್ಲ.

ನಮ್ಮ ಕಡೆ ಎರಡು ಸಂಗತಿ ನೆನಪಿಡಬೇಕು. ಡಿಸೆಂಬರ್-ಜನವರಿಯ ರಾತ್ರಿ ಸಣ್ಣ ಟ್ಯಾಂಕಿನ ನೀರು ಬೇಗ ತಣ್ಣಗಾಗುತ್ತದೆ, ಹೀಟರ್ ಬೇಕೇ ಬೇಕು. ಇನ್ನು ಮಳೆಗಾಲ. ಮರ ಬಿದ್ದು ಲೈನ್ ಹರಿದು ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಪಂಪು ನಿಂತರೆ ಆಮ್ಲಜನಕ ಇಳಿದು ಕಲ್ಲಿನೊಳಗಿನ ಹುಳಗಳೆಲ್ಲ ಮೇಲಕ್ಕೆ ಹತ್ತಿ ಬರುತ್ತವೆ. ಹುಳ ಹೆಚ್ಚಾಯಿತೆಂದು ಆಗ ಗಾಬರಿಯಾಗುವ ಬದಲು ಉಸಿರು ಸಿಗುತ್ತಿಲ್ಲವೆಂದು ತಿಳಿದು ಬ್ಯಾಟರಿ ಏರ್ ಪಂಪ್ ಹಾಕಿ. ಕಲ್ಲಿನೊಳಗೆ ಸಾವು ಶುರುವಾದರೆ ಮರುದಿನ ಅಮೋನಿಯಾ ಏರುತ್ತದೆ.

ತೆಗೆದದ್ದನ್ನು ಎಲ್ಲಿ ಹಾಕುವುದು

ಟ್ಯಾಂಕಿನಿಂದ ತೆಗೆದ ಜೀವಿ, ಪಾಚಿ, ಕಲ್ಲು ಯಾವುದನ್ನೂ ಮಂಗಳೂರಿಗೆ ಹೋದಾಗ ಕಡಲಿಗೆ ಬಿಡಬಾರದು. ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಕೌಲರ್ಪಾ ಟ್ಯಾಕ್ಸಿಫೋಲಿಯಾ ಸಾಕ್ಷಿ. ಅಕ್ವೇರಿಯಂಗಳಲ್ಲಿ ಬೆಳೆಸುತ್ತಿದ್ದ ಈ ಪಾಚಿ 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗಿನ ಕಡಲಿನಲ್ಲಿ ಕಂಡಿತು. ಅಲ್ಲಿಂದ ಮೆಡಿಟರೇನಿಯನ್ ತೀರದುದ್ದಕ್ಕೂ ಹಬ್ಬಿ ಸ್ಥಳೀಯ ಕಡಲಹುಲ್ಲನ್ನು ಮುಚ್ಚಿತು. 2000ದಲ್ಲಿ ಕ್ಯಾಲಿಫೋರ್ನಿಯಾದಲ್ಲಿಯೂ ಸಿಕ್ಕಿತು. ಬೇಗ ಕಂಡದ್ದರಿಂದ ಟಾರ್ಪಾಲು ಹೊದಿಸಿ, ಕ್ಲೋರಿನ್ ಹಾಕಿ, 2006ರಲ್ಲಿ ನಿರ್ಮೂಲವಾಯಿತೆಂದು ಘೋಷಿಸಿದರು.

ತೆಗೆದ ಹುಳ-ಪಾಚಿಗಳನ್ನು ಕವರಿನಲ್ಲಿ ಕಟ್ಟಿ ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು ಆಮೇಲೆ ಕಸಕ್ಕೆ ಹಾಕಬಹುದು. ಜೋಯಾಂಥಿಡ್ ಇಲ್ಲವೆಂದು ಖಚಿತವಿರುವ, ಮತ್ತೆ ಬೇಡದ ಕಲ್ಲನ್ನು ಹೊರಗೆ ಗಾಳಿಯಾಡುವ ಕಡೆ ಬ್ಲೀಚ್ ನೀರಿನಲ್ಲಿ ನೆನೆಸಿ, ತೊಳೆದು, ಕ್ಲೋರಿನ್ ವಾಸನೆ ಪೂರ್ತಿ ಹೋಗುವ ತನಕ ಬಿಸಿಲಿಗೆ ಒಣಗಿಸಿದರೆ ಮುಂದಿನ ಟ್ಯಾಂಕಿಗೆ ಒಣ ಕಲ್ಲಾಗಿ ಬರುತ್ತದೆ. ಬದಲಿಸಿದ ಉಪ್ಪುನೀರನ್ನು ಕಾಫಿ, ಮೆಣಸಿನ ಬುಡಕ್ಕಾಗಲಿ ಕೆರೆ-ಹಳ್ಳಕ್ಕಾಗಲಿ ಸುರಿಯದೆ ಬಚ್ಚಲ ಮೋರಿಗೆ, ಸಾಕಷ್ಟು ನೀರು ಬೆರೆಸಿ ಬಿಡಬೇಕು.